ಪ್ರವಾಹದ ಲೆಕ್ಕದಲ್ಲಿ ಅಡಗಿ ಕುಳಿತ ಅಂಕಿಗಳು

ಮುಂಗಾರು ಬಿರುಸಾದಾಗಲೆಲ್ಲ ಕೃಷ್ಣಾ ತೀರದಲ್ಲಿ ಎರಡು ಬಗೆಯ ನೀರು ಏರುತ್ತದೆ. ಒಂದು ನದಿಯ ನೀರು. ಇನ್ನೊಂದು ಅಂಕಿ-ಅಂಶಗಳ ಮಹಾಪೂರ. ಕೊಯ್ನಾದಿಂದ ಎಷ್ಟು, ರಾಜಾಪುರ ಬ್ಯಾರೇಜಿನಿಂದ ಎಷ್ಟು, ಆಲಮಟ್ಟಿಯ ಹೊರಹರಿವು ಎಷ್ಟು ಎಂಬ ಸಂಖ್ಯೆಗಳು ಚಹಾದಂಗಡಿಯ ಮಾತಾಗುತ್ತವೆ. ಇವೆಲ್ಲ ಕಣ್ಣಿಗೆ ಕಾಣುವ ಅಂಕಿಗಳು. ಇವುಗಳ ಬೆನ್ನ ಹಿಂದೆ, ಗಣಕಯಂತ್ರದೊಳಗೆ ಕುಳಿತ ಬೇರೊಂದು ಬಗೆಯ ಅಂಕಿಗಳಿವೆ. ಅವುಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆದರೆ ಯಾವ ಊರು ಮುಳುಗುತ್ತದೆ, ಯಾವ ಮನೆಯನ್ನು ಸ್ಥಳಾಂತರಿಸಬೇಕು, ಯಾವ ಅಣೆಕಟ್ಟು ತಪ್ಪಿತಸ್ಥ ಎಂಬ ತೀರ್ಮಾನಗಳು ಬಹುಮಟ್ಟಿಗೆ ಅವುಗಳನ್ನೇ ಅವಲಂಬಿಸತೊಡಗಿವೆ. ತಂತ್ರಜ್ಞರ ಭಾಷೆಯಲ್ಲಿ ಅವುಗಳಿಗೆ ಪ್ಯಾರಾಮೀಟರುಗಳೆಂದು ಹೆಸರು; ಕನ್ನಡದಲ್ಲಿ ನಿಯತಾಂಕ ಎನ್ನಬಹುದು.

ಹಿಟ್ಟಿನ ಗಿರಣಿಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಗಿರಣಿಗೆ ಸುರಿಯುವ ಜೋಳ ದತ್ತಾಂಶ. ಹೊರಬರುವ ಹಿಟ್ಟು ಫಲಿತಾಂಶ. ಹಿಟ್ಟು ನುಣ್ಣಗೆ ಬರಬೇಕೇ ತರಿಯಾಗಿ ಬರಬೇಕೇ ಎಂಬುದನ್ನು ನಿರ್ಧರಿಸುವುದು ಎರಡು ಕಲ್ಲುಗಳ ನಡುವಿನ ಸಂದು. ಆ ಸಂದೇ ಪ್ಯಾರಾಮೀಟರು. ಜೋಳ ಅದೇ, ಗಿರಣಿಯೂ ಅದೇ. ಸಂದು ಬದಲಾದರೆ ಹಿಟ್ಟು ಬದಲಾಗುತ್ತದೆ. ಗಣಕ ತಂತ್ರಾಂಶದಲ್ಲಿಯೂ ಹೀಗೆಯೇ. ಮಳೆ ಮತ್ತು ಹರಿವಿನ ಅಳತೆಗಳು ಒಳಗೆ ಹೋಗುತ್ತವೆ. ನೀರಿನ ಮಟ್ಟ ಹೊರಬರುತ್ತದೆ. ನಡುವೆ ಹತ್ತಾರು ನಿಯತಾಂಕಗಳನ್ನು ಯಾರೋ ಒಬ್ಬರು ತುಂಬಿರುತ್ತಾರೆ. ಅವರು ತುಂಬದಿದ್ದರೂ ತಂತ್ರಾಂಶ ಗೊಣಗದು. ಅದನ್ನು ರಚಿಸಿದವರು ಮೊದಲೇ ಇಟ್ಟ ಪೂರ್ವನಿಗದಿತ ಮೌಲ್ಯವನ್ನು ಎತ್ತಿಕೊಂಡು, ಬಣ್ಣಬಣ್ಣದ ನಕ್ಷೆಯನ್ನು ಬರೆದು ಕೊಟ್ಟುಬಿಡುತ್ತದೆ. ಯೋಚಿಸಿ ಕೊಟ್ಟ ಅಂಕಿಗೂ ಯೋಚಿಸದೆ ಬಿಟ್ಟ ಅಂಕಿಗೂ ನಕ್ಷೆಯಲ್ಲಿ ಯಾವ ವ್ಯತ್ಯಾಸವೂ ತೋರುವುದಿಲ್ಲ. ಅಪಾಯ ಇರುವುದೇ ಇಲ್ಲಿ.

ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಇದು ಹೊಸ ವಿಷಯವೇನಲ್ಲ. ಎರಡನೆಯ ಪಂಚವಾರ್ಷಿಕ ಯೋಜನೆಗೆ ತಳಹದಿಯಾದ ಮಹಾಲನೋಬಿಸ್ ಮಾದರಿಯಲ್ಲಿ, ಒಟ್ಟು ಹೂಡಿಕೆಯ ಮೂರನೆಯ ಒಂದು ಭಾಗ ಬಂಡವಾಳ ಸರಕುಗಳ ಉದ್ಯಮಕ್ಕೆ ಹೋಗಬೇಕೆಂಬ ಒಂದೇ ಒಂದು ಅನುಪಾತ ದೇಶದ ಉದ್ಯೋಗ, ಆಹಾರ, ಉಕ್ಕು ಎಲ್ಲವುಗಳ ಮೇಲೂ ಪ್ರಭಾವ ಬೀರಿತು. ಆ ಅನುಪಾತ ಪ್ರಕೃತಿನಿಯಮವಾಗಿರಲಿಲ್ಲ, ಅದೊಂದು ಆಯ್ಕೆಯಾಗಿತ್ತು. ಆದರೆ ಅದು ಬಹಿರಂಗವಾಗಿತ್ತು. ಅರ್ಥಶಾಸ್ತ್ರಜ್ಞರು ಅದನ್ನು ಮುಂದಿಟ್ಟುಕೊಂಡು ದಶಕಗಳ ಕಾಲ ವಾದಿಸಿದರು. ಕೃಷ್ಣೆಯ ಪ್ರವಾಹದ ಲೆಕ್ಕಕ್ಕೆ ಅಂಥ ಬಹಿರಂಗ ಚರ್ಚೆಯ ಭಾಗ್ಯ ಇನ್ನೂ ಒದಗಿಬಂದಿಲ್ಲ.

ಐದು ತಾಲ್ಲೂಕುಗಳ ನೀರು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನು ನಕ್ಷೆಯಲ್ಲಿ ನೋಡಿದರೆ, ಅವೆಲ್ಲವನ್ನೂ ಹೆಣೆದಿರುವ ದಾರ ಕೃಷ್ಣೆಯೇ ಎಂಬುದು ತಿಳಿಯುತ್ತದೆ. ಸಹ್ಯಾದ್ರಿಯ ಮಳೆನೀರು ಕೊಯ್ನಾ, ವಾರಣಾ, ಪಂಚಗಂಗಾ ನದಿಗಳ ಮೂಲಕ ಮಹಾರಾಷ್ಟ್ರದಲ್ಲಿಯೇ ಕೃಷ್ಣೆಯನ್ನು ಸೇರಿ, ರಾಜಾಪುರ ಬ್ಯಾರೇಜು ದಾಟಿ ಕರ್ನಾಟಕಕ್ಕೆ ಬರುತ್ತದೆ. ಇತ್ತ ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ನಿಪ್ಪಾಣಿ, ಚಿಕ್ಕೋಡಿ ತಾಲ್ಲೂಕುಗಳ ಮೂಲಕ ಹರಿದು ಕಲ್ಲೋಳದ ಬಳಿ ಕೃಷ್ಣೆಗೆ ಸೇರುತ್ತದೆ. ಮುಂದೆ ಒಂದು ದಡದಲ್ಲಿ ಯಡೂರ, ಮಾಂಜರಿ, ಅಂಕಲಿ, ಕುಡಚಿ. ಇನ್ನೊಂದು ದಡದಲ್ಲಿ ಜುಗೂಳ, ಮಂಗಾವತಿ, ಉಗಾರ, ಸತ್ತಿ, ದರೂರ. ಇನ್ನೂ ಕೆಳಗೆ ಬಾಗಲಕೋಟೆ ಜಿಲ್ಲೆಯ ಹಿಪ್ಪರಗಿ ಬ್ಯಾರೇಜು, ಅನಂತರ ಆಲಮಟ್ಟಿ.

ಕಂದಾಯ ಆಡಳಿತದಲ್ಲಿದ್ದವರಿಗೆಲ್ಲ ಇಲ್ಲಿಯ ಪ್ರವಾಹದ ದೈನಂದಿನ ತಃಖ್ತೆ ಪರಿಚಿತವೇ. ರಾಜಾಪುರ ಬ್ಯಾರೇಜಿನ ಹೊರಹರಿವಿಗೆ ಸದಲಗಾ ಬಳಿಯ ದೂಧಗಂಗೆಯ ಹರಿವನ್ನು ಕೂಡಿಸಿದರೆ ಕಲ್ಲೋಳದಲ್ಲಿ ಕೃಷ್ಣೆಯ ಒಟ್ಟು ಹರಿವು. ಇದು ಕೂಡುವ ಲೆಕ್ಕ. ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಲ್ಲ. ಆದರೆ ಅಷ್ಟು ಕ್ಯೂಸೆಕ್ ನೀರು ಬಂದರೆ ಜುಗೂಳದ ಯಾವ ಓಣಿಯವರೆಗೆ ಏರುತ್ತದೆ, ಕುಡಚಿ-ಉಗಾರ ಸೇತುವೆಯ ಮೇಲೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಕೂಡುವ ಲೆಕ್ಕವಲ್ಲ. ಅದಕ್ಕೆ ಗಣಕ ಮಾದರಿ ಬೇಕು. ಅಮೆರಿಕದ ಸೇನಾ ಎಂಜಿನಿಯರುಗಳ ದಳ ಸಿದ್ಧಪಡಿಸಿ ಉಚಿತವಾಗಿ ಹಂಚುತ್ತಿರುವ ಹೆಕ್-ರಾಸ್, ಡೆನ್ಮಾರ್ಕಿನ ಮೈಕ್ ಮೊದಲಾದ ತಂತ್ರಾಂಶಗಳು ಜಗತ್ತಿನಾದ್ಯಂತ ಈ ಕೆಲಸಕ್ಕೆ ಬಳಕೆಯಲ್ಲಿವೆ. ಉಪಕರಣಗಳು ಉತ್ತಮವಾದವು. ಪ್ರಶ್ನೆ ಇರುವುದು ಉಪಕರಣದ ಬಗ್ಗೆ ಅಲ್ಲ, ಅದರೊಳಗೆ ತುಂಬುವ ನಿಯತಾಂಕಗಳ ಬಗ್ಗೆ.

ಕಬ್ಬಿನ ಹೊಲದ ಅಂಕಿ

ಈ ನಿಯತಾಂಕಗಳಲ್ಲಿ ಬಹುಮುಖ್ಯವಾದುದು ನೆಲದ ಒರಟುತನದ ಗುಣಾಂಕ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರದೊಂದಿಗೆ ಅವರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ನೀರು ಹರಿಯುವಾಗ ನೆಲ, ಕಲ್ಲು, ಗಿಡಗಂಟಿ ಅದನ್ನು ಎಷ್ಟು ತಡೆಯುತ್ತವೆ ಎಂಬುದರ ಅಳತೆ ಇದು. ನೇರವಾದ, ಸ್ವಚ್ಛವಾದ ನದೀಪಾತ್ರಕ್ಕೆ ಸುಮಾರು 0.03. ಬಲಿತ ಬೆಳೆ ನಿಂತ ಹೊಲಕ್ಕೆ 0.03ರಿಂದ 0.05. ದಟ್ಟ ಪೊದೆಗಳಿದ್ದರೆ 0.1 ದಾಟುತ್ತದೆ. ವೆನ್ ಟೆ ಚೌ ಅವರು 1959ರಲ್ಲಿ ಪ್ರಕಟಿಸಿದ ಗ್ರಂಥದ ಪಟ್ಟಿಯನ್ನೇ ಇಂದಿಗೂ ಜಗತ್ತಿನ ಎಂಜಿನಿಯರುಗಳು ಮೊದಲು ತೆರೆದು ನೋಡುತ್ತಾರೆ. ಆ ಪಟ್ಟಿಯಲ್ಲಿ ಹುಲ್ಲುಗಾವಲಿದೆ, ಸಾಲು ಬೆಳೆಯಿದೆ, ಪೊದೆಯಿದೆ, ಮರಗಳಿವೆ. ಕಬ್ಬು ಇಲ್ಲ.

ಆದರೆ ಕೃಷ್ಣೆ, ದೂಧಗಂಗೆಯರ ದಡದಲ್ಲಿ ಈಗ ಇರುವುದೇ ಕಬ್ಬು. ಉಗಾರದ ಸಕ್ಕರೆ ಕಾರ್ಖಾನೆ, ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮೊದಲಾದ ಸಹಕಾರಿ ಕಾರ್ಖಾನೆಗಳು, ಏತ ನೀರಾವರಿ, ಖಚಿತ ಬೇಡಿಕೆ ಇವೆಲ್ಲ ಸೇರಿ ನದಿಯಂಚಿನ ಜಮೀನನ್ನು ಕಬ್ಬಿನ ಕಾಡಾಗಿ ಮಾರ್ಪಡಿಸಿವೆ. ರೈತನ ದೃಷ್ಟಿಯಿಂದ ಅದು ವಿವೇಕದ ಆಯ್ಕೆಯೇ; ಕೆಲವು ದಿನ ನೀರು ನಿಂತರೂ ಇತರ ಬೆಳೆಗಳಿಗಿಂತ ತಾಳಿಕೊಳ್ಳುವ ಬೆಳೆ ಅದು. ಹಿಂದಿನ ಹಂಗಾಮಿನಲ್ಲಿ ನೆಟ್ಟ ಕಬ್ಬು ಆಗಸ್ಟ್ ಹೊತ್ತಿಗೆ ಆಳೆತ್ತರ ಮೀರಿ, ಒಳಗೆ ನುಸುಳಲೂ ಆಗದಷ್ಟು ದಟ್ಟವಾಗಿ ನಿಂತಿರುತ್ತದೆ. ಪ್ರವಾಹ ಬರುವುದೂ ಆಗಲೇ. ಇದನ್ನು ‘ಬಲಿತ ಬೆಳೆ’ ಎಂದು ಎಣಿಸಿ 0.04 ಹಾಕಬೇಕೇ, ‘ಪೊದೆ’ ಎಂದು ಎಣಿಸಿ 0.08 ಹಾಕಬೇಕೇ?

ಈ ವ್ಯತ್ಯಾಸ ಬರಿಯ ದಶಾಂಶದ ತಕರಾರಲ್ಲ. ಮ್ಯಾನಿಂಗ್ ಸೂತ್ರದಂತೆ, ವಿಶಾಲವಾದ ಬಯಲಿನ ಮೇಲೆ ಅಷ್ಟೇ ಪ್ರಮಾಣದ ನೀರು ಅದೇ ಇಳಿಜಾರಿನಲ್ಲಿ ಹರಿಯುವಾಗ, ಒರಟುತನ ಇಮ್ಮಡಿಯಾದರೆ ನೀರಿನ ಆಳ ಸುಮಾರು ಒಂದೂವರೆ ಪಟ್ಟಾಗುತ್ತದೆ. ಮೊದಲ ಅಂಕಿಯಲ್ಲಿ ಒಂದು ಮೀಟರು ಎಂದ ಮಾದರಿ ಎರಡನೆಯ ಅಂಕಿಯಲ್ಲಿ ಒಂದೂವರೆ ಮೀಟರು ಎನ್ನುತ್ತದೆ. ಸೊಂಟಮಟ್ಟದ ನೀರು ಎದೆಮಟ್ಟ ದಾಟುತ್ತದೆ. ನದಿಯ ಮುಖ್ಯಪಾತ್ರವೂ ನೀರಿನ ದೊಡ್ಡ ಪಾಲನ್ನು ಒಯ್ಯುವುದರಿಂದ ವಾಸ್ತವದಲ್ಲಿ ವ್ಯತ್ಯಾಸ ಇಷ್ಟು ತೀವ್ರವಾಗಿರಲಾರದು, ನಿಜ. ಆದರೆ ಮುಳುಗಡೆಯ ಗೆರೆ ಒಂದು ಮನೆಯ ಈಚೆಗೋ ಆಚೆಗೋ ಎಂಬುದನ್ನು ತೀರ್ಮಾನಿಸಲು ಅಡಿಯ ಲೆಕ್ಕವೇ ಸಾಕು. ಇದಲ್ಲದೆ, ಪ್ರವಾಹದ ಸೆಳೆತಕ್ಕೆ ಕಬ್ಬು ಬಾಗಿ ಮಲಗಿದರೆ ಒರಟುತನವೂ ಇಳಿಯುತ್ತದೆ. ಒಂದೇ ಹೊಲ, ಒಂದೇ ಪ್ರವಾಹ. ಮೊದಲ ದಿನ ಒಂದು ಅಂಕಿ, ಐದನೆಯ ದಿನ ಮತ್ತೊಂದು.

ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಪಾಲ್ಗೊಂಡ ಒಂದು ಸಭೆಯಲ್ಲಿ ಸಲಹಾ ಸಂಸ್ಥೆಯೊಂದು ಮುಳುಗಡೆಯ ನಕ್ಷೆಯನ್ನು ಪರದೆಯ ಮೇಲೆ ತೋರಿಸಿತು. ನೀಲಿ ಬಣ್ಣ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅಪಾಯ ಮುಗಿಯಿತು ಎಂಬಷ್ಟು ಖಚಿತ ಗೆರೆ. ಹೊಲಗಳಿಗೆ ಯಾವ ಒರಟುತನದ ಗುಣಾಂಕ ಬಳಸಿದ್ದೀರಿ ಎಂದು ಕೇಳಿದೆ. ‘ಪ್ರಮಾಣಿತ ಮೌಲ್ಯ ಸರ್’ ಎಂಬ ಉತ್ತರ ಬಂತು. ಯಾವ ಪ್ರಮಾಣ, ಎಲ್ಲಿಯ ಪ್ರಮಾಣ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಬರುವ ಮೊದಲೇ ಚಹಾ ಬಂತು. ಆ ತರುಣ ಎಂಜಿನಿಯರನ ಮೇಲೆ ನನಗೆ ಸಿಟ್ಟಿಲ್ಲ. ಕೇಳುವವರಿಲ್ಲದಿದ್ದರೆ ಯಾವ ಲೆಕ್ಕಿಗನೂ ತನ್ನ ಊಹೆಗಳ ಪಟ್ಟಿಯನ್ನು ಇಟ್ಟುಕೊಳ್ಳುವುದಿಲ್ಲ.

ತಾಳೆ ನೋಡುವುದು ಹೇಗೆ?

ಹಾಗಾದರೆ ಸರಿಯಾದ ಅಂಕಿಯನ್ನು ಹುಡುಕುವುದು ಹೇಗೆ? ಹಿಂದಿನ ಪ್ರವಾಹದ ದತ್ತಾಂಶ ಕೊಟ್ಟು, ಮಾದರಿ ಹೇಳುವ ಮಟ್ಟವೂ ಅಂದು ನಿಜವಾಗಿ ಬಂದ ಮಟ್ಟವೂ ಹೊಂದುವವರೆಗೆ ನಿಯತಾಂಕಗಳನ್ನು ತಿದ್ದುತ್ತ ಹೋಗುವುದು ರೂಢಿ. ಆದರೆ ಇಲ್ಲೊಂದು ತೊಡಕಿದೆ. ಬ್ರಿಟನ್ನಿನ ಜಲವಿಜ್ಞಾನಿ ಕೀತ್ ಬೆವೆನ್ ದಶಕಗಳಿಂದ ಒತ್ತಿ ಹೇಳುತ್ತ ಬಂದಿರುವಂತೆ, ಬೇರೆ ಬೇರೆ ನಿಯತಾಂಕಗಳ ಗುಂಪುಗಳು ಹಿಂದಿನ ಪ್ರವಾಹಕ್ಕೆ ಸಮಾನವಾಗಿ ಹೊಂದಿಕೊಳ್ಳಬಲ್ಲವು. ನದೀಪಾತ್ರ ಒರಟು, ಹೊಲ ನಯ ಎಂದರೂ ಲೆಕ್ಕ ಸರಿಹೋಗಬಹುದು. ಪಾತ್ರ ನಯ, ಹೊಲ ಒರಟು ಎಂದರೂ ಸರಿಹೋಗಬಹುದು. 2019ರ ಆಗಸ್ಟಿನ ಪ್ರವಾಹಕ್ಕೆ ಇವೆರಡೂ ಒಂದೇ ಉತ್ತರ ಕೊಟ್ಟರೂ, ಮುಂದೆ ಅದಕ್ಕಿಂತ ದೊಡ್ಡ ಪ್ರವಾಹ ಬಂದಾಗ ಅಥವಾ ಅಣೆಕಟ್ಟಿನ ಎತ್ತರ ಬದಲಾದಾಗ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದೆರಡು ಮಾಪನ ಕೇಂದ್ರಗಳ ಅಂಕಿಯಿಂದ ಈ ಗೊಂದಲ ಬಿಡಿಸಲಾಗದು. ಅನೇಕ ಸ್ಥಳಗಳ ಸಾಕ್ಷ್ಯ ಬೇಕು.

ಅಂಥ ಸಾಕ್ಷ್ಯ ಈ ಐದು ತಾಲ್ಲೂಕುಗಳಲ್ಲಿ ಧಾರಾಳವಾಗಿದೆ ಎಂಬುದೇ ನನ್ನ ಮಾತಿನ ತಿರುಳು. ಪ್ರತಿ ಮಳೆಗಾಲದಲ್ಲಿ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭಿವಶಿ ಮುಂತಾದ ಕೆಳಮಟ್ಟದ ಸೇತುವೆಗಳು ಒಂದರ ಹಿಂದೆ ಒಂದರಂತೆ ಮುಳುಗುತ್ತವೆ. ತಾಲ್ಲೂಕು ಆಡಳಿತ ಸಂಚಾರ ನಿಲ್ಲಿಸುತ್ತದೆ. ಪೊಲೀಸರು ಅಡ್ಡಗಟ್ಟೆ ಇಡುತ್ತಾರೆ. ಪತ್ರಿಕೆಗಳು ವರದಿ ಮಾಡುತ್ತವೆ. 2019 ಮತ್ತು 2021ರಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯ ನೀರು ನುಗ್ಗಿ ಪುಣೆ-ಬೆಂಗಳೂರು ಹೆದ್ದಾರಿಯೇ ನಿಂತುಹೋಯಿತು. ಯಾವ ಸೇತುವೆ ಯಾವ ದಿನ, ಯಾವ ಗಂಟೆಗೆ ಮುಳುಗಿತು, ಆಗ ರಾಜಾಪುರದ ಹರಿವು ಎಷ್ಟಿತ್ತು ಎಂಬುದನ್ನು ಒಂದು ಪಟ್ಟಿಯಾಗಿ ಕ್ರೋಡೀಕರಿಸಿದರೆ, ಯಾವ ಉಪಗ್ರಹವೂ ಕೊಡಲಾರದ ಪರೀಕ್ಷಾ ಸಾಮಗ್ರಿ ದೊರೆತಂತಾಗುತ್ತದೆ. ಊರೂರಿನ ಗುಡಿ, ಶಾಲೆ, ಪಂಚಾಯಿತಿ ಕಟ್ಟಡಗಳ ಗೋಡೆಗಳ ಮೇಲೆ 2005, 2019, 2021ರ ನೀರಿನ ಗುರುತು ಎಲ್ಲಿತ್ತೆಂದು ತೋರಿಸಬಲ್ಲ ಹಿರಿಯರು ಇನ್ನೂ ಇದ್ದಾರೆ. ಸುಣ್ಣ ಬಳಿಯುವ ಮುನ್ನ ಅವುಗಳ ಎತ್ತರವನ್ನು ಅಳೆದಿಡುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ಭೂಮಾಪಕರ ಕೆಲವು ವಾರಗಳ ಶ್ರಮ ಸಾಕು.

ಎರಡು ರಾಜ್ಯಗಳ ನಡುವೆ

ಇದು ಬರಿಯ ವಿದ್ವತ್ತಿನ ಕುತೂಹಲವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಆಲಮಟ್ಟಿಯ ಜಲಾಶಯ ಈಗ 519.60 ಮೀಟರಿನವರೆಗೆ ತುಂಬುತ್ತದೆ. ಸಂಗ್ರಹ ಸುಮಾರು 123 ಟಿಎಂಸಿ ಅಡಿ. ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರ್ 30ರ ವರದಿಯಲ್ಲಿ ಇದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಇತ್ತ ಮಹಾರಾಷ್ಟ್ರದಲ್ಲಿ, 2005ರ ಪ್ರವಾಹದಿಂದ ಈಚೆಗೆ, ಸಾಂಗಲಿ-ಕೊಲ್ಹಾಪುರಗಳ ಮುಳುಗಡೆಗೆ ಆಲಮಟ್ಟಿಯ ಹಿನ್ನೀರೇ ಕಾರಣವೆಂಬ ಆರೋಪ ಕೇಳಿಬರುತ್ತಲೇ ಇದೆ. ಅದೇ ಮಹಾರಾಷ್ಟ್ರ ಸರ್ಕಾರ 2019ರಲ್ಲಿ ನೇಮಿಸಿದ ನಂದಕುಮಾರ ವಡನೇರೆ ಸಮಿತಿಯ 2020ರ ವರದಿ, ಆ ವರ್ಷದ ಪ್ರವಾಹಕ್ಕೆ ಅತಿವೃಷ್ಟಿ ಕಾರಣವೇ ಹೊರತು ಆಲಮಟ್ಟಿ ಅಲ್ಲ ಎಂದಿತು. ಆದರೂ ವಿವಾದ ತಣ್ಣಗಾಗಲಿಲ್ಲ. ಮತ್ತೆ ಅಧ್ಯಯನ, ಮತ್ತೆ ಸಿಮ್ಯುಲೇಷನ್.

ಈ ಜಗ್ಗಾಟದಲ್ಲಿ ನಮ್ಮ ಐದು ತಾಲ್ಲೂಕುಗಳ ಸ್ಥಿತಿ ವಿಲಕ್ಷಣವಾದುದು. ಅವು ಕರ್ನಾಟಕದಲ್ಲಿವೆ, ಆಲಮಟ್ಟಿ ಎತ್ತರವಾದರೆ ರಾಜ್ಯಕ್ಕೆ ಒಳ್ಳೆಯದೆಂದು ಅಲ್ಲಿಯ ಜನರೂ ಒಪ್ಪುತ್ತಾರೆ. ಆದರೆ ನದಿಯ ಲೆಕ್ಕದಲ್ಲಿ ಅವು ಆಲಮಟ್ಟಿಯ ಮೇಲ್ಭಾಗದಲ್ಲಿವೆ. ಹಿನ್ನೀರಿನ ಪ್ರಭಾವ ಏನಾದರೂ ಇದ್ದರೆ ಅದು ಸಾಂಗಲಿಗಿಂತ ಮೊದಲು ಮುಟ್ಟಬೇಕಾದುದು ಅಥಣಿ, ರಾಯಬಾಗ, ಕಾಗವಾಡಗಳನ್ನು. ಮಹಾರಾಷ್ಟ್ರ ತನ್ನ ಊರುಗಳಿಗಾಗಿ ಲೆಕ್ಕ ಹಾಕುತ್ತದೆ. ಕರ್ನಾಟಕ ತನ್ನ ಅಣೆಕಟ್ಟಿಗಾಗಿ ಲೆಕ್ಕ ಹಾಕುತ್ತದೆ. ಜುಗೂಳದ, ಸತ್ತಿಯ, ಕುಡಚಿಯ ರೈತನಿಗಾಗಿ ಲೆಕ್ಕ ಹಾಕುವವರು ಯಾರು? ಹಿನ್ನೀರಿನ ಪ್ರಭಾವ ಇಲ್ಲವೆಂದಾದರೆ ಅದನ್ನು ಎಲ್ಲರೂ ಪರೀಕ್ಷಿಸಬಹುದಾದ ಅಂಕಿಗಳಿಂದ ತೋರಿಸುವುದು ಕರ್ನಾಟಕದ ವಾದಕ್ಕೇ ಬಲ ಕೊಡುತ್ತದೆ.

ಇಲ್ಲಿ ಒರಟುತನಕ್ಕಿಂತಲೂ ರಾಜಕೀಯವಾದ ನಿಯತಾಂಕವೊಂದಿದೆ: ಪ್ರವಾಹ ಆರಂಭವಾಗುವ ದಿನ ಜಲಾಶಯ ಎಷ್ಟು ತುಂಬಿತ್ತು, ಬಾಗಿಲುಗಳನ್ನು ಯಾವಾಗ ತೆರೆಯಲಾಯಿತು ಎಂಬುದು. ಒಂದು ಲಕ್ಷ ಕ್ಯೂಸೆಕ್ ಹರಿವು ಒಂದು ದಿನ ಮುಂದುವರಿದರೆ 8.64 ಟಿಎಂಸಿ ಅಡಿ ನೀರು. 2019ರಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಮಿಕ್ಕಿ ನೀರು ಬಿಡಬೇಕಾಯಿತು. ಐದು ಲಕ್ಷವೆಂದರೆ ದಿನಕ್ಕೆ 43 ಟಿಎಂಸಿ ಅಡಿ. ಖಾಲಿ ಆಲಮಟ್ಟಿಯೇ ಇದ್ದರೂ ಮೂರು ದಿನದೊಳಗೆ ತುಂಬಿಬಿಡುವ ವೇಗ. ಹೀಗಾಗಿ ಮಾದರಿಯಲ್ಲಿ ‘ಜಲಾಶಯ ಇಷ್ಟು ತುಂಬಿದೆ’ ಎಂದು ಬರೆಯುವ ಒಂದು ಸಾಲು, ಅಣೆಕಟ್ಟನ್ನು ಆರೋಪಿಯನ್ನಾಗಿಯೂ ಮಾಡಬಲ್ಲದು, ನಿರ್ದೋಷಿಯನ್ನಾಗಿಯೂ ಮಾಡಬಲ್ಲದು. ಇನ್ನು, ನಿಯಮ ಬದಲಾದರೆ ಜನರ ನಡತೆಯೂ ಬದಲಾಗುತ್ತದೆ; ಹಳೆಯ ನಡತೆಯಿಂದ ಪಡೆದ ನಿಯತಾಂಕ ಹೊಸ ನಿಯಮಕ್ಕೆ ಒದಗದು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಾಸ್ 1976ರಲ್ಲಿ ಆರ್ಥಿಕ ಮಾದರಿಗಳ ಬಗ್ಗೆ ಎತ್ತಿದ ಈ ಆಕ್ಷೇಪ ಜಲಾಶಯಗಳಿಗೂ ಅನ್ವಯಿಸುತ್ತದೆ. ಕೆಳಗಿನ ಅಣೆಕಟ್ಟಿನ ನೀತಿ ಬದಲಾದಾಗ ಮೇಲಿನ ಕೊಯ್ನಾ, ರಾಧಾನಗರಿಗಳ ನಿರ್ವಹಣೆ ಹಿಂದಿನಂತೆಯೇ ಇರುತ್ತದೆಂದು ಭಾವಿಸಲಾಗದು.

ಮಹಾಲನೋಬಿಸ್ ತೋರಿದ ದಾರಿ

ಯೋಜನಾ ಮಾದರಿಯ ಮಹಾಲನೋಬಿಸರು ಅದಕ್ಕೂ ಬಹಳ ಮುನ್ನ ಪ್ರವಾಹದ ಲೆಕ್ಕವನ್ನು ಮಾಡಿದ್ದರೆಂಬುದು ಅನೇಕರಿಗೆ ತಿಳಿದಿರಲಾರದು. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಯಲ್ಲಿ ಮಹಾಪೂರ ಬಂದಾಗ, ನದಿಯ ತಳ ಹೂಳಿನಿಂದ ಏರಿದೆ, ಆದ್ದರಿಂದ ದಂಡೆಗಳನ್ನು ಎತ್ತರಿಸಬೇಕು ಎಂಬುದು ತಜ್ಞ ಎಂಜಿನಿಯರುಗಳ ಅಭಿಪ್ರಾಯವಾಗಿತ್ತು. ಮಹಾಲನೋಬಿಸರು ಸುಮಾರು ಅರವತ್ತು ವರ್ಷಗಳ ದತ್ತಾಂಶವನ್ನು ಪರಿಶೀಲಿಸಿ, ತಳ ಏರಿಲ್ಲ, ನದಿಯ ಮೇಲ್ಭಾಗದಲ್ಲಿ ಸುರಿದ ಅತಿವೃಷ್ಟಿಯೇ ಕಾರಣ ಎಂದು ತೋರಿಸಿದರು. ಎಲ್ಲರೂ ನಿಜವೆಂದು ನಂಬಿದ್ದ ಒಂದು ಅಂಕಿಯನ್ನು ಅವರು ದಾಖಲೆಯ ಮುಂದೆ ನಿಲ್ಲಿಸಿದರು; ಅಷ್ಟೇ. ಅವರ ಬಳಿ ಗಣಕಯಂತ್ರವಿರಲಿಲ್ಲ.

ಅಂಕಿಗಳನ್ನು ಬಹಿರಂಗಪಡಿಸಿದರೆ ಜನ ಗೊಂದಲಕ್ಕೊಳಗಾಗುತ್ತಾರೆ, ನ್ಯಾಯಾಲಯದಲ್ಲಿ ಎದುರು ರಾಜ್ಯಕ್ಕೆ ಅಸ್ತ್ರ ಸಿಗುತ್ತದೆ ಎಂಬ ವಾದವನ್ನು ನಾನು ಸೇವೆಯಲ್ಲಿದ್ದಾಗ ಅನೇಕ ಬಾರಿ ಕೇಳಿದ್ದೇನೆ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದು ದೂರದೃಷ್ಟಿಯದ್ದಲ್ಲ. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕೋವಿಡ್ ಮಾದರಿ ಹಲವು ಸರ್ಕಾರಗಳ ನಿದ್ದೆ ಕೆಡಿಸಿತ್ತು. ಬಳಿಕ ಅದರ ಕ್ರಮವಿಧಿಯನ್ನು ಪ್ರಕಟಿಸಲಾಯಿತು. ಬೇರೆ ಸಂಶೋಧಕರು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರಲ್ಲಿದ್ದ 940 ನಿಯತಾಂಕಗಳ ಪೈಕಿ 19 ಮಾತ್ರ ಫಲಿತಾಂಶದ ಬಹುಪಾಲು ಅನಿಶ್ಚಿತತೆಗೆ ಕಾರಣವೆಂದು ಕಂಡುಬಂತು. ಮಾದರಿ ತೆರೆದಿದ್ದರಿಂದ ಅದರ ಮರ್ಯಾದೆ ಹೋಗಲಿಲ್ಲ. ಎಲ್ಲಿ ಎಚ್ಚರ ಬೇಕೆಂಬುದು ತಿಳಿಯಿತು. ಕೃಷ್ಣೆಯ ಮಾದರಿಯಲ್ಲಿಯೂ ನಿಜವಾಗಿ ಮುಖ್ಯವಾದ ನಿಯತಾಂಕಗಳು ಬೆರಳೆಣಿಕೆಯಷ್ಟೇ ಇರಬಹುದು. ಅವು ಯಾವುವೆಂದು ತಿಳಿದರೆ ಅಳತೆಯ ಶ್ರಮವನ್ನು ಅಲ್ಲಿಗೇ ಹರಿಸಬಹುದು.

ಆಗಬೇಕಾದ ಕೆಲಸ ದೊಡ್ಡದಲ್ಲ. ಸರ್ಕಾರದ ಹಣದಿಂದ ನಡೆಯುವ ಪ್ರತಿ ಪ್ರವಾಹ ಅಧ್ಯಯನದ ಕೊನೆಯಲ್ಲಿ ಬಳಸಿದ ನಿಯತಾಂಕಗಳ ಪಟ್ಟಿ, ಅವುಗಳ ಆಧಾರ ಮತ್ತು ಮೌಲ್ಯ ಬದಲಿಸಿದರೆ ಮಟ್ಟ ಎಷ್ಟು ಏರಿಳಿಯುತ್ತದೆ ಎಂಬ ವಿವರ ಕಡ್ಡಾಯವಾಗಿ ಇರಲಿ. ಪೂರ್ವನಿಗದಿತ ಮೌಲ್ಯವನ್ನೇ ಉಳಿಸಿಕೊಂಡಿದ್ದರೆ ಹಾಗೆಂದು ಬರೆಯಲಿ. ನಕ್ಷೆಯಲ್ಲಿ ಒಂದೇ ಗೆರೆಯ ಬದಲು, ಖಚಿತವಾಗಿ ಮುಳುಗುವ ಭಾಗ ಮತ್ತು ಮುಳುಗಬಹುದಾದ ಭಾಗ ಎಂಬ ಎರಡು ಗೆರೆಗಳಿರಲಿ. ಸೇತುವೆ ಮುಳುಗಿದ ವೇಳೆ ಮತ್ತು ಗೋಡೆಯ ಗುರುತುಗಳ ದಾಖಲೆಯನ್ನು ಎರಡೂ ರಾಜ್ಯಗಳು ಒಂದೇ ನಮೂನೆಯಲ್ಲಿ ಇಟ್ಟು ವಿನಿಮಯ ಮಾಡಿಕೊಳ್ಳಲಿ. ನಮ್ಮ ಕೃಷಿ ಮತ್ತು ತಾಂತ್ರಿಕ ವಿಶ್ವವಿದ್ಯಾಲಯಗಳು ಆಗಸ್ಟಿನ ಕಬ್ಬಿನ ಹೊಲದ ಒರಟುತನವನ್ನು ಪ್ರಯೋಗದಿಂದ ಅಳೆಯಲಿ. ಇದೆಲ್ಲದರ ಸಾರಾಂಶ ಗ್ರಾಮ ಪಂಚಾಯಿತಿಗಳಿಗೆ ಕನ್ನಡ ಮತ್ತು ಮರಾಠಿಯಲ್ಲಿ ತಲುಪಲಿ. ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಿತ ಸಂಗತಿಗಳನ್ನು ಜನ ಕೇಳುವ ಮುನ್ನವೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಈಗಾಗಲೇ ಹೇಳಿದೆ. ಹೊಸ ಕಾನೂನಿನ ಅಗತ್ಯವೂ ಇಲ್ಲ.

ನದಿಯ ದಡದ ರೈತನಿಗೆ ಮ್ಯಾನಿಂಗ್ ಯಾರೆಂದು ತಿಳಿದಿರಬೇಕಾಗಿಲ್ಲ. ಆದರೆ ತನ್ನ ಕಬ್ಬಿನ ಹೊಲದಲ್ಲಿ ನೀರು ಎಷ್ಟು ನಿಧಾನವಾಗಿ ಸರಿಯುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು ಆತನಿಗೆ ಗೊತ್ತು. ಗಣಕಯಂತ್ರದೊಳಗಿನ ಅಂಕಿ ಹೇಳುವುದೂ ಅದನ್ನೇ. ಆ ಅಂಕಿಯನ್ನು ಬರೆಯುವ ಮುನ್ನ ಒಮ್ಮೆ ಆತನನ್ನು ಕೇಳುವುದು, ಬರೆದ ಮೇಲೆ ಆತನಿಗೆ ತೋರಿಸುವುದು ಆಡಳಿತದ ಔದಾರ್ಯವಲ್ಲ. ಲೆಕ್ಕ ಸರಿಯಾಗಿ ಬರಬೇಕಾದರೆ ಅದು ಅನಿವಾರ್ಯ.

(ಲೇಖಕರು ನಿವೃತ್ತ ಆಡಳಿತಾಧಿಕಾರಿ)